ಬಿಸಿಲ ನಾಡಿನ ತಂಪು ಕೇಕು



ಏಪ್ರಿಲ್ ಬಂತೆಂದರೆ ನಮ್ಮ ರಾಯಚೂರು, ಕಲಬುರಗಿ, ಯಾದಗಿರಿ ಕಡೆಯ ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ತೆರೆದ ಬಾಗಿಲು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತದೆ. ಸರ್ಕಾರವೇ ಬಿಸಿಲಿಗೆ ಮಣಿಯುವಾಗ ಮನೆಯ ಕಾರ್ಯಗಳೂ ಹೊತ್ತು ನೋಡಿಕೊಂಡೇ ನಡೆಯಬೇಕಲ್ಲ. ಮದುವೆಯ ಅಕ್ಕಿಕಾಳು ಬೆಳಗಿನ ಮುಹೂರ್ತಕ್ಕೆ ಮುಗಿಯುತ್ತದೆ. ತೊಟ್ಟಿಲು, ಹುಟ್ಟುಹಬ್ಬ, ಸೂಟಿಗೆ ಬಂದ ಮೊಮ್ಮಕ್ಕಳ ಗದ್ದಲ ಇವೆಲ್ಲ ಹೊತ್ತು ಮುಳುಗಿದ ಮೇಲೆ, ಮಾಳಿಗೆಗೆ ನೀರು ಚಿಮುಕಿಸಿ ಚಾಪೆ ಹಾಸಿದ ಮೇಲೆ.

ಈ ಸಂಜೆಗಳಿಗೆ ಈಗ ಕೇಕೂ ಸೇರಿಕೊಂಡಿದೆ. ಪಟ್ಟಣದಲ್ಲಿ ಅದು ಹಳೆಯ ಮಾತು. ಆದರೆ ತೆಲಂಗಾಣದ ಗಡಿಗೆ ಹತ್ತಿದ ಯಾಪಲದಿನ್ನಿಯಲ್ಲೂ, ದೇವದುರ್ಗ, ಮಾನ್ವಿ ತಾಲ್ಲೂಕಿನ ಹಳ್ಳಿಗಳಲ್ಲೂ ಮಗುವಿನ ಮೊದಲ ಹುಟ್ಟುಹಬ್ಬವೆಂದರೆ ಹೋಳಿಗೆಯ ಪಕ್ಕದಲ್ಲಿ ಕೇಕು ಇರಲೇಬೇಕು. ರಾಯಚೂರಿನ ಬೇಕರಿಯಲ್ಲಿ ಕಟ್ಟಿಸಿದ ಡಬ್ಬಿಯನ್ನು ಬೈಕಿನ ಹಿಂದೆ ಕೂತವರು ತೊಡೆಯ ಮೇಲಿಟ್ಟುಕೊಂಡು ಬರುತ್ತಾರೆ. ಮೇ ತಿಂಗಳ ನಾಲ್ಕು ಗಂಟೆಯ ಬಿಸಿಲು, ಕುಣಿಯುವ ರಸ್ತೆ. ಊರು ಮುಟ್ಟಿ ಮುಚ್ಚಳ ತೆಗೆದಾಗ ಕ್ರೀಮಿನ ಗುಲಾಬಿಗಳು ಒಂದು ಮಗ್ಗುಲಿಗೆ ವಾಲಿ, ಮಗುವಿನ ಹೆಸರಿನ ಕೊನೆಯ ಅಕ್ಷರ ಡಬ್ಬಿಯ ಗೋಡೆಗೆ ಮೆತ್ತಿಕೊಂಡಿರುತ್ತದೆ.

ಬೇಕರಿಯವರನ್ನು ಬೈದು ಫಲವಿಲ್ಲ. ಬೆಣ್ಣೆ ಕರಗುವುದೇ 32ರಿಂದ 35 ಡಿಗ್ರಿಯಲ್ಲಿ. ಹಾಲಿನ ಕೆನೆಯನ್ನು ಕಡೆದು ಉಬ್ಬಿಸಬೇಕಾದರೆ ಅದು 10 ಡಿಗ್ರಿಗಿಂತ ತಣ್ಣಗಿರಬೇಕು. ಅದರೊಳಗಿನ ಕೊಬ್ಬು ಗಟ್ಟಿಯಾಗಿದ್ದರೆ ಮಾತ್ರ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಸ್ಯಜನ್ಯ ಕೊಬ್ಬಿನಿಂದ ಮಾಡಿದ ಬೇಕರಿ ಕ್ರೀಮು ಸ್ವಲ್ಪ ಹೆಚ್ಚು ತಾಳುತ್ತದೆ, ಅಷ್ಟೆ. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಅನ್ನುವುದು ಮಾಮೂಲಾದ ನಮ್ಮ ಊರುಗಳಿಗೆ ಕ್ರೀಮ್ ಕೇಕು ಹೊಂದುವ ತಿಂಡಿಯಲ್ಲ. ಮನೆಯಲ್ಲೇ ಬೇಯಿಸೋಣವೆಂದರೆ ಆ ಬಿಸಿಲಲ್ಲಿ ಓವನ್ನನ್ನೋ, ಉಸುಕು ಹಾಕಿದ ಕುಕ್ಕರನ್ನೋ ಮುಕ್ಕಾಲು ಗಂಟೆ ಉರಿಸಬೇಕು. ಅದು ಅಡುಗೆಮನೆಯಲ್ಲಿ ನಿಲ್ಲುವ ಹೆಣ್ಣುಮಕ್ಕಳಿಗೆ ಕೊಡುವ ಶಿಕ್ಷೆ.

ಆದ್ದರಿಂದ ಇವತ್ತು ನಾನು ಹೇಳಹೊರಟಿದ್ದು ಬೇಯಿಸದೆ ತಣ್ಣಗೆ ಹೆಪ್ಪುಗಟ್ಟಿಸುವ ಹಣ್ಣಿನ ಕೇಕಿನ ವಿಚಾರ. ಕೆಳಗೊಂದು ಗಟ್ಟಿ ತಳ, ನಡುವೆ ಮೊಸರು ಮತ್ತು ಮಾವಿನ ಪದರ, ಮೇಲೆ ಹಣ್ಣು ಕಾಣುವ ಹೊಳೆಯುವ ಪದರ. ಯುರೋಪಿನಲ್ಲಿ ಈ ಜಾತಿಯ ತಿಂಡಿ ಹಳೆಯದು. 19ನೇ ಶತಮಾನದ ಮೊದಲ ಭಾಗದಲ್ಲಿ ಕರೇಮ್ ಎಂಬ ಫ್ರೆಂಚ್ ಬಾಣಸಿಗನ ಹೆಸರಿನೊಂದಿಗೆ ಪ್ರಸಿದ್ಧವಾದ ಷಾರ್ಲಟ್ ರೂಸ್ ಇದೇ ವಂಶದ್ದು. ನಮ್ಮ ರಾಜ್ಯದಲ್ಲೇ ಮಂಗಳೂರು, ಉಡುಪಿಯವರು ಐಸ್ ಕ್ರೀಮು, ಜೆಲ್ಲಿ, ಹಣ್ಣುಗಳನ್ನು ಎತ್ತರದ ಗ್ಲಾಸಿನಲ್ಲಿ ಪದರ ಪದರವಾಗಿ ತುಂಬಿ ಗಡ್‌ಬಡ್ ಎಂದು ಕೊಡುತ್ತಾರೆ. ಅದು ಗ್ಲಾಸಿನ ಆಸರೆಯಲ್ಲಿ ನಿಲ್ಲುತ್ತದೆ. ಕೇಕಿಗೆ ಆ ಆಸರೆ ಇಲ್ಲ, ತಾಟಿನ ಮೇಲೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಹಾಗಾಗಿ ಎಲ್ಲವೂ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಇದನ್ನು ಹಿಡಿದು ನಿಲ್ಲಿಸುವುದು ಯಾವುದು?

ವಿದೇಶದ ಪಾಕಪುಸ್ತಕಗಳೆಲ್ಲ ಜೆಲಟಿನ್ ಎನ್ನುತ್ತವೆ. ಜೆಲಟಿನ್ ಪ್ರಾಣಿಗಳ ಚರ್ಮ, ಎಲುಬುಗಳಿಂದ ತೆಗೆದದ್ದು. ಅದನ್ನು ಮುಟ್ಟದ ಮನೆಗಳು ನಮ್ಮಲ್ಲಿ ಬಹಳ. ಮುಟ್ಟುವವರಲ್ಲೂ ಯಾವ ಪ್ರಾಣಿಯದು ಎಂದು ಕೇಳುವವರಿದ್ದಾರೆ, ಕೇಳುವುದು ನ್ಯಾಯವೇ. ಆ ಮಾತು ಬದಿಗಿಟ್ಟರೂ ಜೆಲಟಿನ್ ನಮಗೆ ಆಗಿಬರುವುದಿಲ್ಲ. ಅದು ಗಟ್ಟಿಯಾಗಲು ಫ್ರಿಜ್ಜೇ ಬೇಕು. 35 ಡಿಗ್ರಿಯ ಆಸುಪಾಸಿನಲ್ಲಿ ಪೂರ್ತಿ ನೀರಾಗುತ್ತದೆ. ಲಂಡನ್ನಿನಲ್ಲಿ ಅದು ಬಾಯಲ್ಲಿ ಕರಗುತ್ತದೆಂದು ಹೊಗಳುತ್ತಾರೆ. ಯಾಪಲದಿನ್ನಿಯಲ್ಲಿ ಬಾಯಿ ಮುಟ್ಟುವ ಮೊದಲೇ ತಾಟಿನಲ್ಲಿ ಕರಗಿರುತ್ತದೆ.

ನಮಗೆ ಬೇಕಾದದ್ದು ಚೀನಾ ಗ್ರಾಸ್. ಅಗರ್ ಅಗರ್ ಎಂದೂ ಕರೆಯುತ್ತಾರೆ. ಇದು ಹುಲ್ಲೂ ಅಲ್ಲ, ಚೀನಾದಿಂದಲೇ ಬರಬೇಕೆಂದೂ ಇಲ್ಲ. ಸಮುದ್ರದ ಕೆಂಪು ಪಾಚಿಯಿಂದ ತೆಗೆದ ಪದಾರ್ಥ. ತಮಿಳುನಾಡಿನ ರಾಮನಾಥಪುರದ ಕಡೆ, ಮನ್ನಾರ್ ಕೊಲ್ಲಿಯಲ್ಲಿ ಮೀನುಗಾರ ಹೆಣ್ಣುಮಕ್ಕಳು ನೀರಿಗಿಳಿದು, ಬಂಡೆಗೆ ಹತ್ತಿದ ಈ ಪಾಚಿಯನ್ನು ಕಿತ್ತು ತರುತ್ತಾರೆ. ನಮ್ಮ ಭಾಗದ ಮುಸ್ಲಿಂ ಮನೆಗಳಲ್ಲಿ ಇದರ ಬಳಕೆ ಚೆನ್ನಾಗಿ ಗೊತ್ತು. ರಂಜಾನ್ ತಿಂಗಳಲ್ಲಿ ರೋಜಾ ಬಿಡುವ ಹೊತ್ತಿಗೆ ಹಾಲಿನಲ್ಲಿ ಹೆಪ್ಪುಗಟ್ಟಿಸಿ, ಚೌಕ ಚೌಕವಾಗಿ ಕತ್ತರಿಸಿ ತಾಟಿನಲ್ಲಿಡುತ್ತಾರೆ. ಹಾಗಾಗಿ ಕಲಿಯಬೇಕೆನ್ನುವವರು ಪುಸ್ತಕ ಹುಡುಕುವ ಬದಲು ನೆರೆಮನೆಯ ಖಾಲಾ ಅವರನ್ನು ಕೇಳಿದರೆ ಕೆಲಸ ಬೇಗ ಆಗುತ್ತದೆ.

ಚೀನಾ ಗ್ರಾಸಿನ ಗುಣ ವಿಚಿತ್ರ. ಕರಗಬೇಕಾದರೆ ನೀರು ಕುದಿಯಬೇಕು. ಗಟ್ಟಿಯಾಗಲು 35, 40 ಡಿಗ್ರಿಗೆ ಇಳಿದರೆ ಸಾಕು. ಒಮ್ಮೆ ಗಟ್ಟಿಯಾಯಿತೋ, ಮತ್ತೆ 85 ಡಿಗ್ರಿ ಮುಟ್ಟುವ ತನಕ ಜಪ್ಪಯ್ಯ ಎಂದರೂ ಕರಗುವುದಿಲ್ಲ. ನಮ್ಮ ಬಿಸಿಲು ಎಷ್ಟೇ ಜೋರಾದರೂ 85ಕ್ಕೆ ಹೋಗಲಾರದು.

ಈ ಗುಣ ಅಡುಗೆಮನೆಯಿಂದ ಪ್ರಯೋಗಾಲಯಕ್ಕೆ ಹೋದ ಕಥೆಯೊಂದಿದೆ. 1881ರ ಸುಮಾರಿಗೆ ಜರ್ಮನಿಯಲ್ಲಿ ವಿಜ್ಞಾನಿ ರಾಬರ್ಟ್ ಕಾಕ್ ಅವರ ಬಳಿ ವಾಲ್ಟರ್ ಹೆಸ್ಸೆ ಎಂಬ ವೈದ್ಯರು ಸೂಕ್ಷ್ಮಜೀವಿಗಳನ್ನು ಬೆಳೆಸುವ ಕೆಲಸದಲ್ಲಿದ್ದರು. ಅದಕ್ಕೆ ಬಳಸುತ್ತಿದ್ದುದು ಜೆಲಟಿನ್. ಸೆಕೆ ಹೆಚ್ಚಾದಾಗ ಅದು ಕರಗಿ ಮಾಡಿದ ಕೆಲಸವೆಲ್ಲ ನೀರುಪಾಲಾಗುತ್ತಿತ್ತು. ಅವರ ಹೆಂಡತಿ ಫ್ಯಾನಿ ಹೆಸ್ಸೆ ಮನೆಯಲ್ಲಿ ಹಣ್ಣಿನ ಜೆಲ್ಲಿಗೆ ಅಗರ್ ಹಾಕುತ್ತಿದ್ದರು. ಜಾವಾದಲ್ಲಿ ಇದ್ದು ಬಂದ ಡಚ್ ಪರಿಚಯದವರಿಂದ ಕಲಿತದ್ದು. ನನ್ನ ಜೆಲ್ಲಿ ಬೇಸಿಗೆಯಲ್ಲೂ ನಿಲ್ಲುತ್ತದೆ, ನೀವೂ ಅದನ್ನೇ ಹಾಕಿ ನೋಡಿ ಎಂಬ ಸಲಹೆ ಆಕೆಯದು. ಮುಂದಿನ ವರ್ಷ ಕಾಕ್ ಅವರು ಕ್ಷಯದ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ ಅಗರ್ ಬಂತು, ಫ್ಯಾನಿಯ ಹೆಸರು ಬರಲಿಲ್ಲ. ಇಂದಿಗೂ ಆಸ್ಪತ್ರೆಯ ಲ್ಯಾಬುಗಳಲ್ಲಿ ರೋಗಾಣು ಬೆಳೆಸುವುದು ಅಗರ್ ಹಾಕಿದ ತಟ್ಟೆಗಳಲ್ಲೇ. ಅಡುಗೆಯವರ ಹೆಸರು ಬಿಟ್ಟುಹೋಗುವುದು ಎಲ್ಲ ದೇಶದಲ್ಲೂ ಒಂದೇ ರೀತಿ ಅಂತ ಕಾಣುತ್ತದೆ.

ಇರಲಿ, ಕೇಕಿಗೆ ಬರೋಣ. ಹನ್ನೆರಡು ಮಂದಿಗೆ ಸಾಕಾಗುವಷ್ಟು ಹೇಳುತ್ತೇನೆ. ಎಂಟು ಅಂಗುಲ ಅಗಲ, ಎರಡೂವರೆ ಅಂಗುಲ ಎತ್ತರದ ಡಬ್ಬಿ ಇರಲಿ.

ತಳಕ್ಕೆ ಬಿಸ್ಕತ್ತಿನ ಪುಡಿಗೆ ಬೆಣ್ಣೆ ಕಲಸಿ ಒತ್ತುವುದು ರೂಢಿ. ಬೆಣ್ಣೆಯ ಹಣೆಬರಹ ಆಗಲೇ ಹೇಳಿದೆ. ನಮ್ಮಲ್ಲಿ ಶೇಂಗಾ ಇದೆ, ಬೆಲ್ಲ ಇದೆ. ಇನ್ನೂರು ಗ್ರಾಂ ಶೇಂಗಾ ಹುರಿದು, ಸಿಪ್ಪೆ ಹಾರಿಸಿ, ತರಿತರಿಯಾಗಿ ಕುಟ್ಟಿಕೊಳ್ಳಿ. ನೂರು ಗ್ರಾಂ ಮಾರಿ ಬಿಸ್ಕತ್ತನ್ನೋ, ಬೇಕರಿಯ ಟೋಸ್ಟನ್ನೋ ಪುಡಿ ಮಾಡಿ ಸೇರಿಸಿ. ನೂರು ಗ್ರಾಂ ಬೆಲ್ಲಕ್ಕೆ ಎರಡು ಚಮಚ ನೀರು ಹಾಕಿ ಕರಗಿಸಿ, ಬೆರಳಿಗೆ ಅಂಟುವಷ್ಟು ಪಾಕ ಬಂದೊಡನೆ ಇಳಿಸಿಬಿಡಿ. ಎಳೆ ಮೀರಿದರೆ ಚಿಕ್ಕಿಯಾಗುತ್ತದೆ, ಆಮೇಲೆ ಕೇಕು ಕತ್ತರಿಸಲು ಕೊಡಲಿ ಬೇಕಾದೀತು. ಏಲಕ್ಕಿ ಪುಡಿ ಹಾಕಿ ಎಲ್ಲ ಕಲಸಿ, ಎಣ್ಣೆ ಸವರಿದ ಡಬ್ಬಿಯ ತಳಕ್ಕೆ ಬಟ್ಟಲಿನಿಂದ ಒತ್ತಿ ಸಮ ಮಾಡಿ. ಶೇಂಗಾ ಹೋಳಿಗೆಯ ಹೂರಣ ಮಾಡಿದ ಕೈಗೆ ಈ ಹದ ಹೇಳಿಕೊಡುವುದೇನೂ ಬೇಕಿಲ್ಲ.

ನಡುವಿನ ಪದರಕ್ಕೆ ಎಮ್ಮೆ ಹಾಲಿನ ಒಂದು ಲೀಟರು ಗಟ್ಟಿ ಮೊಸರು. ಹಿಂದಿನ ರಾತ್ರಿಯೇ ತೆಳು ಬಟ್ಟೆಯಲ್ಲಿ ಕಟ್ಟಿ. ಬೇಸಿಗೆಯಲ್ಲಿ ಮೊಸರು ಬೇಗ ಹುಳಿಯಾಗುವುದರಿಂದ ಜರಡಿಯ ಮೇಲಿಟ್ಟು ಫ್ರಿಜ್ಜಿನೊಳಗೇ ಸೋಸಬೇಕು. ಫ್ರಿಜ್ ಇಲ್ಲದವರ ದಾರಿಯನ್ನು ಮುಂದೆ ಹೇಳುತ್ತೇನೆ. ನಾನೂರು ಗ್ರಾಂ ಆಸುಪಾಸು ಗಟ್ಟಿ ಮೊಸರು ಉಳಿಯುತ್ತದೆ. ಶ್ರೀಖಂಡಕ್ಕೆ ಮಾಡುವುದೂ ಇದನ್ನೇ. ಅದಕ್ಕೆ ನೂರು ಗ್ರಾಂ ಸಕ್ಕರೆ ಪುಡಿ, ಕಾಲು ಲೀಟರು ಮಾವಿನ ರಸ ಸೇರಿಸಿ ಗಂಟಿಲ್ಲದಂತೆ ಕಡೆದಿಡಿ.

ಈಗ ಚೀನಾ ಗ್ರಾಸು. ಅಂಗಡಿಯಲ್ಲಿ 10 ಗ್ರಾಂ ಪೊಟ್ಟಣ ಸಿಗುತ್ತದೆ, ಎಳೆ ಎಳೆಯಾಗಿ, ಹಗುರವಾಗಿ ಇರುತ್ತದೆ. ಅದರ ಮೂರರಲ್ಲಿ ಎರಡು ಪಾಲು ಕತ್ತರಿಸಿ, ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಹಿಂಡಿ, ಇನ್ನೂರು ಮಿಲಿಲೀಟರು ನೀರಿನಲ್ಲಿ ಕುದಿಸಿ. ಒಂದೆಳೆಯೂ ಕಾಣದಂತೆ ಕರಗಬೇಕು. ಚಮಚ ಎತ್ತಿ ಬೆಳಕಿಗೆ ಹಿಡಿದು ನೋಡಿ, ಹರಳಿನಂಥ ಚೂರು ಕಂಡರೆ ಇನ್ನೂ ಕುದಿಸಿ, ಸೋಸಿ. ಇಲ್ಲಿ ಎರಡು ಎಚ್ಚರಿಕೆ. ಹುಳಿ ಹಣ್ಣಿನ ರಸದಲ್ಲೇ ಚೀನಾ ಗ್ರಾಸನ್ನು ಕುದಿಸಬೇಡಿ, ಹುಳಿ ಮತ್ತು ಕಾವು ಸೇರಿದರೆ ಅದರ ಹಿಡಿತ ಸಡಿಲವಾಗುತ್ತದೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಮೊಸರಿಗೂ ಸುರಿಯಬೇಡಿ, ಮುಟ್ಟಿದಲ್ಲೇ ಹೆಪ್ಪಾಗಿ ರವೆ ರವೆಯಾಗುತ್ತದೆ. ಮೊಸರು ಕೋಣೆಯ ಕಾವಿನಲ್ಲಿರಬೇಕು ಎಂದು ಪುಸ್ತಕಗಳು ಬರೆಯುತ್ತವೆ. ನಮ್ಮ ಕೋಣೆಗಳ ಕಾವು ಈ ಒಂದು ಕೆಲಸಕ್ಕಾದರೂ ಉಪಯೋಗಕ್ಕೆ ಬಂತು. ಕುದಿ ಆರಿ, ಬೆರಳು ತಾಳುವಷ್ಟಾದಾಗ ಒಬ್ಬರು ಸುರಿಯುತ್ತ ಇನ್ನೊಬ್ಬರು ಬಿಡದೆ ಕಡೆಯಬೇಕು. ಕೂಡಲೇ ಡಬ್ಬಿಗೆ ಹುಯ್ಯಬೇಕು.

ಮೇಲಿನ ಪದರಕ್ಕೆ ಉಳಿದ ಮೂರರಲ್ಲಿ ಒಂದು ಪಾಲು ಚೀನಾ ಗ್ರಾಸನ್ನು ನೂರೈವತ್ತು ಮಿಲಿಲೀಟರು ನೀರಿನಲ್ಲಿ ಕುದಿಸಿ, ಸಕ್ಕರೆ ಸೇರಿಸಿ, ಇಳಿಸಿದ ಮೇಲೆ ಇನ್ನೂರು ಮಿಲಿಲೀಟರು ಹಣ್ಣಿನ ರಸ ಬೆರೆಸಿ. ಯಾವಾಗ ಹುಯ್ಯಬೇಕು ಎನ್ನುವುದೇ ಮುಖ್ಯ. ಕೆಳಗಿನ ಪದರದ ಮೇಲೆ ಬೆರಳಿಟ್ಟರೆ ಗುರುತು ಬೀಳಬಾರದು, ಆದರೆ ಮೈ ಇನ್ನೂ ಅಂಟಂಟಾಗಿರಬೇಕು. ಆಗ ಹುಯ್ದರೆ ಎರಡೂ ಕೂಡಿಕೊಳ್ಳುತ್ತವೆ. ಪೂರ್ತಿ ತಣ್ಣಗಾದ ಮೇಲೆ ಹುಯ್ದರೆ ಕತ್ತರಿಸುವಾಗ ಮೇಲಿನದು ಜಾರಿ ಪಕ್ಕಕ್ಕೆ ಬರುತ್ತದೆ. ತಡವಾಗಿಬಿಟ್ಟಿದ್ದರೆ ಮುಳ್ಳುಚಮಚದಿಂದ ಮೇಲ್ಮೈಯನ್ನು ಹಗುರಾಗಿ ಗೀರಿಕೊಳ್ಳಿ. ಕೊನೆಗೆ ಹದ ಹೇಗಿರಬೇಕೆಂದರೆ ಗಿಣ್ಣದ ಹಾಗೆ, ಚಾಕುವಿನಿಂದ ನೇರ ಕತ್ತರಿಸುವಂತಿರಬೇಕು, ನಾಲಿಗೆಗೆ ರಬ್ಬರು ಅನ್ನಿಸಬಾರದು.

"ಫ್ರಿಜ್ ಇದ್ದೋರ ಮಾತು ನಮಗ್ಯಾಕ್ರೀ ಅಕ್ಕಾರ? ನಮ್ಮೂರಾಗ ಕರೆಂಟು ಇದ್ರ ಅದ, ಇಲ್ಲಂದ್ರ ಇಲ್ಲ" ಎನ್ನುವವರಿದ್ದೀರಿ. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕರೆಂಟು ಹುಟ್ಟುತ್ತಿದೆ ಎಂದು ಹೇಳಿದರೆ ಮಧ್ಯಾಹ್ನ ನಿಂತ ಫ್ರಿಜ್ಜಿಗೆ ಸಮಾಧಾನವಾಗುವುದಿಲ್ಲ. ಆದರೆ ಚೀನಾ ಗ್ರಾಸಿಗೆ ಫ್ರಿಜ್ಜು ಕಡ್ಡಾಯವಲ್ಲ. ನಮ್ಮ ಬಿಸಿಲಿಗೊಂದು ಉಪಕಾರದ ಗುಣ ಇದೆ, ಅದು ಒಣ ಬಿಸಿಲು. ಗಾಳಿಯಲ್ಲಿ ತೇವ ಕಡಿಮೆಯಾದಷ್ಟೂ ಒದ್ದೆ ಮಡಕೆಯ ನೀರು ಬೇಗ ಆರುತ್ತದೆ, ಆರುವಾಗ ಮಡಕೆಯ ಕಾವನ್ನು ಎಳೆದುಕೊಂಡು ಹೋಗುತ್ತದೆ. ಹೊರಗೆ 42 ಡಿಗ್ರಿ, ಗಾಳಿಯ ತೇವ ನೂರಕ್ಕೆ ಇಪ್ಪತ್ತು ಎಂದಿಟ್ಟುಕೊಂಡರೆ ಒದ್ದೆ ಬಟ್ಟೆ 24 ಡಿಗ್ರಿಯ ತನಕ ಇಳಿಯಬಲ್ಲದು. ಮಡಕೆ ಅಷ್ಟು ಇಳಿಯದಿದ್ದರೂ ಚೀನಾ ಗ್ರಾಸ್ ಗಟ್ಟಿಯಾಗುವ ಮಟ್ಟಕ್ಕೆ ಖಂಡಿತ ಇಳಿಯುತ್ತದೆ. ಮಂಗಳೂರಿನ ಬೆವರು ಹರಿಸುವ ಸೆಕೆಯಲ್ಲಿ ಈ ಆಟ ನಡೆಯದು.

ನೀರಿನ ರಂಜಣಗಿ ಇಡುವ ಮೂಲೆ ಪ್ರತಿ ಮನೆಯಲ್ಲೂ ಇದ್ದೇ ಇರುತ್ತದೆ: ನೆರಳು ಇರುವ, ಗಾಳಿ ಆಡುವ ಜಾಗ. ಅಲ್ಲಿ ಅಗಲ ಬಾಯಿಯ ದೊಡ್ಡ ಮಣ್ಣಿನ ಪಾತ್ರೆ ಇಡಿ. ಅದರೊಳಗೆ ಇನ್ನೊಂದು ಚಿಕ್ಕದು. ನಡುವಿನ ಸಂದಿಗೆ ಉಸುಕು ತುಂಬಿ ನೀರು ಕುಡಿಸಿ. ಕೇಕಿನ ಡಬ್ಬಿಯನ್ನು ಒಳಗಿಟ್ಟು ಮೇಲೆ ಒದ್ದೆ ಗೋಣಿ ಮುಚ್ಚಿ, ತಾಸಿಗೊಮ್ಮೆ ಉಸುಕಿಗೂ ಗೋಣಿಗೂ ನೀರು ಚಿಮುಕಿಸಿ. 1990ರ ದಶಕದಲ್ಲಿ ನೈಜೀರಿಯಾದ ಮಹಮ್ಮದ್ ಬಾ ಅಬ್ಬಾ ಎಂಬ ಶಿಕ್ಷಕರು ಬಡ ರೈತರ ತರಕಾರಿ ಉಳಿಸಲು ಇಂಥದೇ ಜೋಡಿ ಮಡಕೆಗಳನ್ನು ಹಂಚಿ ಜಗತ್ತಿನ ಗಮನ ಸೆಳೆದರು. ನಮ್ಮ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆ ಅದಕ್ಕೂ ಮೊದಲೇ ಇಟ್ಟಿಗೆ ಮತ್ತು ಒದ್ದೆ ಉಸುಕಿನ ಗೂಡು ಕಟ್ಟಿ ತೋರಿಸಿತ್ತು.

ಹೀಗೆ ಮಾಡುವವರು ಮೊಸರಿನ ಪದರ ಬಿಟ್ಟುಬಿಡುವುದು ಜಾಣತನ. ಹಾಲಿನ ಪದಾರ್ಥವನ್ನು 32 ಡಿಗ್ರಿ ಮೀರಿದ ಕಡೆ ಒಂದು ತಾಸಿಗಿಂತ ಹೆಚ್ಚು ಇಡಬಾರದು, ಅದಕ್ಕಿಂತ ತಂಪಾದಲ್ಲೂ ಎರಡು ತಾಸೇ ಮಿತಿ. ಮೊಸರಿನ ಬದಲು ಮಾವಿನ ರಸ, ಎಳನೀರು, ಬೆಲ್ಲದ ನೀರಿನ ಪದರಗಳನ್ನೇ ಹಾಕಿ. ಎಳನೀರಿನ ಬಿಳಿ, ಮಾವಿನ ಹಳದಿ ಒಂದರ ಮೇಲೊಂದು ಕೂತರೆ ನೋಟಕ್ಕೂ ಕಡಿಮೆಯಿಲ್ಲ. ಮೊಸರು ಬೇಕೇಬೇಕು ಎಂದರೆ ಐಸ್ ಫ್ಯಾಕ್ಟರಿಯ ಮಂಜುಗಡ್ಡೆ ತರಿಸಿ, ಪರಾತದಲ್ಲಿ ಡಬ್ಬಿಯ ಸುತ್ತ ಹಾಕಿ, ಹೊರಗೆ ಭತ್ತದ ಹೊಟ್ಟು ತುಂಬಿದ ಗೋಣಿ ಸುತ್ತಿ. ಮಾನ್ವಿ ಕಡೆ ಅಕ್ಕಿ ಗಿರಣಿಗಳಿರುವುದರಿಂದ ಹೊಟ್ಟಿಗೆ ಬರವಿಲ್ಲ, ಕಾವು ತಡೆಯಲು ಅದಕ್ಕಿಂತ ಅಗ್ಗದ ವಸ್ತುವೂ ಇಲ್ಲ. ಆದರೆ ಆ ಮಂಜುಗಡ್ಡೆ ಡಬ್ಬಿಯ ಹೊರಗೇ ಇರಲಿ, ಶರಬತ್ತಿಗೆ ಹಾಕಬೇಡಿ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಜೀವ ತೆಗೆದದ್ದನ್ನು ನಾವ್ಯಾರೂ ಮರೆಯುವಂತಿಲ್ಲ. ಚೀನಾ ಗ್ರಾಸ್ ನೆನೆಹಾಕುವ ನೀರೂ ಕುದಿಸಿ ಆರಿಸಿದ್ದೇ ಆಗಿರಲಿ.

ಹಣ್ಣಿನ ಆಯ್ಕೆಯಲ್ಲಿ ನನಗೆ ಮಾವೇ ಮೊದಲು, ಅದರಲ್ಲೂ ನಾರಿಲ್ಲದ ಬೇನಿಷಾನ್. ಕೃಷ್ಣೆಯ ಆಚೆಗೆ ತೆಲಂಗಾಣದ ಕೊಲ್ಲಾಪುರ ಮಾವಿಗೆ ಹೆಸರಾದ ಊರು, ಆ ಸೀಮೆಯ ಹಣ್ಣು ನಮಗೆ ದೂರದ್ದಲ್ಲ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ದೇಶದಲ್ಲಿ ನಿಷೇಧವಿದೆ. ಹೊರಗೆಲ್ಲ ಒಂದೇ ಹಳದಿ ಇದ್ದು ತೊಟ್ಟಿನ ಹತ್ತಿರ ಪರಿಮಳವೇ ಇಲ್ಲದ ಹಣ್ಣನ್ನು ಬಿಟ್ಟುಬಿಡಿ. ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ, ಹೋಳು ಹಾಕಿದರೆ ನೀರು ಬಿಟ್ಟು ಪದರ ಕೆಡುತ್ತದೆ. ಅದನ್ನು ಹಿಂಡಿ ಮೇಲಿನ ಪದರದ ರಸವಾಗಿ ಬಳಸಿದರೆ ಬಣ್ಣಕ್ಕೆ ಸರಿಸಾಟಿಯಿಲ್ಲ. ಕರ್ಬೂಜದ ಸಿಪ್ಪೆಯ ಜಾಲರಿಯಲ್ಲಿ ಮಣ್ಣು ಕೂತಿರುತ್ತದೆ, ಕತ್ತರಿಸುವ ಮೊದಲು ತಿಕ್ಕಿ ತೊಳೆಯಬೇಕು. ದಾಳಿಂಬೆಯ ಕಾಳನ್ನು ಮೇಲಿನ ಪದರ ಅರೆಹೆಪ್ಪಾದಾಗ ಉದುರಿಸಿ, ಮೊದಲೇ ಹಾಕಿದರೆ ಎಲ್ಲ ತಳ ಸೇರುತ್ತವೆ. ಹಸಿ ಅನಾನಸು, ಪಪ್ಪಾಯಿಗಳನ್ನು ಮೊಸರಿಗೆ ಹಾಕಬೇಡಿ. ಅವುಗಳಲ್ಲಿರುವ ಕಿಣ್ವಗಳು ಹಾಲಿನ ಸಾರವನ್ನು ಒಡೆದು ಕಹಿ ಮಾಡುತ್ತವೆ. ಸಕ್ಕರೆಯೊಂದಿಗೆ ಒಂದು ಕುದಿ ಕುದಿಸಿದರೆ ಆ ಕಾಟ ತಪ್ಪುತ್ತದೆ. ಜೂನಿನಲ್ಲಿ ಕಾರ ಹುಣ್ಣಿಮೆ ಬಂದು, ರಾಯಚೂರಿನಲ್ಲಿ ಎತ್ತುಗಳು ಕಲ್ಲು ಎಳೆಯುವ ಮುಂಗಾರು ಹಬ್ಬದ ಹೊತ್ತಿಗೆ ನೇರಳೆ ಹಣ್ಣು ಇಳಿದಿರುತ್ತದೆ. ಅದರ ಒಗರಿಗೆ ಬೆಲ್ಲ ಸ್ವಲ್ಪ ಮುಂದಾಗಿರಲಿ.

ಬಡಿಸುವಾಗ ಡಬ್ಬಿಯ ಅಂಚಿಗೆ ಚಾಕು ಆಡಿಸಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಹೊರಗೆ ಸುತ್ತಿ ಬಿಡಿಸಿಕೊಳ್ಳಿ. ಮಾಡಿದ ದಿನವೇ ತಿಂದು ಮುಗಿಸಬೇಕು. ಮರುದಿನಕ್ಕೆ ಚೀನಾ ಗ್ರಾಸ್ ನೀರು ಬಿಡತೊಡಗುತ್ತದೆ, ತಳದ ಶೇಂಗಾ ಮೆತ್ತಗಾಗುತ್ತದೆ. ಹನ್ನೆರಡು ಮಂದಿಯ ಕೇಕು ಉಳಿಯುವ ಮನೆ ನಮ್ಮ ಕಡೆ ಸೂಟಿಯಲ್ಲಿ ಸಿಗಲಾರದು, ಆ ಮಾತು ಬೇರೆ.

ಈಚಿನ ವರ್ಷಗಳಲ್ಲಿ ರಂಜಾನ್ ಬೇಸಿಗೆಯ ಆರಂಭಕ್ಕೇ ಬರುತ್ತಿದೆ. ಹಬ್ಬ ಮುಗಿದ ಮೇಲೆ ಸಣ್ಣ ಊರಿನ ಕಿರಾಣಿ ಅಂಗಡಿಗಳಲ್ಲಿ ಚೀನಾ ಗ್ರಾಸ್ ಕೇಳಿದರೆ ಇಲ್ಲವೆನ್ನುವುದೇ ಹೆಚ್ಚು. ತೇವ ಮುಟ್ಟದ ಡಬ್ಬಿಯಲ್ಲಿಟ್ಟರೆ ಅದು ವರ್ಷ ಕಳೆದರೂ ಕೆಡುವುದಿಲ್ಲ. ರಾಯಚೂರಿಗೆ ಸಂತೆಗೋ ಆಸ್ಪತ್ರೆಗೋ ಹೋದವರು ಬರುವಾಗ ಎರಡು ಪೊಟ್ಟಣ ತಂದಿಟ್ಟುಕೊಳ್ಳಿ.